ಜಿಂಜರ್‌ಬ್ರೆಡ್ ಮನೆಯ ಸೂರು ಯಾಕೆ ಜಾರುತ್ತೆ?

ಪ್ರಶ್ನೆ: ಮುಂದಿನ ವಾರ ನಾಲ್ಕು ಮನೆಯವರು ಸೇರ್ತಿದ್ದೀವಿ. 3ರಿಂದ 10 ವರ್ಷದ ಎಂಟು ಮಕ್ಕಳು. ಜಿಂಜರ್‌ಬ್ರೆಡ್ ಮನೆ, ಅಂದರೆ ಶುಂಠಿ ಬಿಸ್ಕತ್ತಿನ ತುಂಡು ಜೋಡಿಸಿ ಮಾಡೋ ಪುಟ್ಟ ಮನೆ, ಒಂದೇ ಮಧ್ಯಾಹ್ನದಲ್ಲಿ ಬೇಯಿಸಿ, ಕಟ್ಟಿ, ಅಲಂಕಾರ ಮಾಡಿ ಮುಗಿಸಬಹುದಾ? ಮೊಟ್ಟೆ ತಿನ್ನದವರೂ ಇದ್ದಾರೆ.

ಉತ್ತರ: ಆಗಲ್ಲ. ಒಂದೇ ದಿನಕ್ಕೆ ತುರುಕಿದರೆ ಸೂರು ಜಾರೋದು ಖಚಿತ. ಮೊದಲ ದಿನ ಬೇಯಿಸಿ, ಎರಡನೇ ದಿನ ಕಟ್ಟಿ, ಮೂರನೇ ದಿನ ಮಕ್ಕಳನ್ನು ಕರೆಯಿರಿ. ಕಟ್ಟೋದು ದೊಡ್ಡವರ ಕೆಲಸ, ಮಿಠಾಯಿ ಅಂಟಿಸೋದು ಮಕ್ಕಳದ್ದು.

ತಿನ್ನೋ ಬಿಸ್ಕತ್ತಿನ ಕಣಕ ಬೇರೆ, ಕಟ್ಟೋ ಕಣಕ ಬೇರೆ. ಕಟ್ಟೋದಕ್ಕೆ ಬೇಕಿಂಗ್ ಸೋಡಾ, ಬೇಕಿಂಗ್ ಪೌಡರ್ ಎರಡೂ ಬೇಡ. ಹಾಕಿದರೆ ತುಂಡು ಉಬ್ಬಿ ಅಂಚು ಸೊಟ್ಟಗಾಗುತ್ತೆ, ಗೋಡೆಗೆ ಗೋಡೆ ಕೂಡಲ್ಲ. ಒಂದು ಮನೆಗೆ 115 ಗ್ರಾಂ ಬೆಣ್ಣೆ ಅಥವಾ ಮಾರ್ಗರೀನ್, 130 ಗ್ರಾಂ ಕಂದು ಸಕ್ಕರೆ, 180 ಮಿ.ಲೀ. ಕಾರ್ನ್ ಸಿರಪ್ (ಜೋಳದ ಸಿಹಿ ಪಾಕ) ಸಣ್ಣ ಉರಿಯಲ್ಲಿ ಕರಗಿಸಿ ಸ್ವಲ್ಪ ಆರಿಸಿ. 420 ಗ್ರಾಂ ಮೈದಾ, ಒಂದೂವರೆ ಚಮಚ ಚಕ್ಕೆ ಪುಡಿ, ಮುಕ್ಕಾಲು ಚಮಚ ಒಣಶುಂಠಿ ಪುಡಿ, ಚಿಟಿಕೆ ಉಪ್ಪು ಬೆರೆಸಿ ನಾದಿ. ಇದರಲ್ಲಿ ಮೊಟ್ಟೆಯೇ ಇಲ್ಲ. ಹಸಿ ಕಣಕ ಮಾತ್ರ ಮಕ್ಕಳ ಬಾಯಿಗೆ ಹೋಗದಿರಲಿ. ಬೇಯದ ಮೈದಾದಲ್ಲೂ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು.

ಬೇಕಿಂಗ್ ಪೇಪರ್ ಮೇಲೆಯೇ 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ರಟ್ಟಿನ ಅಚ್ಚಿಟ್ಟು ಕತ್ತರಿಸಿ, ಸುತ್ತಲಿನ ಚೂರು ತೆಗೆದುಬಿಡಿ. ತುಂಡನ್ನು ಎತ್ತಬೇಡಿ, ಎತ್ತಿದರೆ ಎಳೆದುಕೊಂಡು ಆಕಾರ ಕೆಡುತ್ತೆ. ಅಳತೆ: ಪಕ್ಕದ ಗೋಡೆ 13×10 ಸೆಂ.ಮೀ., ಎರಡು. ಮುಂದಿನ, ಹಿಂದಿನ ಗೋಡೆ 12 ಅಗಲ, ಬದಿಯಲ್ಲಿ 10 ಎತ್ತರ, ನಡು ತುದಿಯಲ್ಲಿ 16. ಸೂರು 15×11, ಎರಡು. ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ ಬೇಯಿಸಿ, ಅಂಚು ಗಟ್ಟಿಯಾಗಿ ಕಂದಾಗೋವರೆಗೆ, ಸುಮಾರು 12ರಿಂದ 15 ನಿಮಿಷ. ಓವನ್‌ನಿಂದ ತೆಗೆದ ತಕ್ಷಣ, ಬಿಸಿ ಇರುವಾಗಲೇ, ಅದೇ ಅಚ್ಚಿಟ್ಟು ಅಂಚನ್ನು ಮತ್ತೊಮ್ಮೆ ನೇರವಾಗಿ ಕತ್ತರಿಸಿ. ಎಲ್ಲರೂ ಬಿಡೋ ಹೆಜ್ಜೆ ಇದೇ. ಆಮೇಲೆ ಜಾಲರಿಯ ಮೇಲೆ ರಾತ್ರಿಯಿಡೀ ಆರಲಿ.

ಗೋಡೆ ಅಂಟಿಸೋ ಗಾರೆ ಅಂದರೆ ರಾಯಲ್ ಐಸಿಂಗ್, ಒಣಗಿದರೆ ಗಟ್ಟಿಯಾಗೋ ಸಕ್ಕರೆ ಲೇಪ. 450 ಗ್ರಾಂ ಐಸಿಂಗ್ ಶುಗರ್, 3 ದೊಡ್ಡ ಚಮಚ ಮೆರಾಂಗ್ ಪೌಡರ್, 5 ದೊಡ್ಡ ಚಮಚ ನೀರು. ಬೀಟರ್‌ನಲ್ಲಿ 7ರಿಂದ 10 ನಿಮಿಷ ಹೊಡೆದರೆ, ಬೀಟರ್ ಎತ್ತಿದಾಗ ಎದ್ದ ಮೊನೆ ಬಾಗದೆ ನಿಲ್ಲಬೇಕು. ಪಾತ್ರೆಯಲ್ಲಿ ಬೆಣ್ಣೆಯ ಜಿಡ್ಡು ಸ್ವಲ್ಪ ಉಳಿದಿದ್ದರೂ ಅದು ಏಳಲ್ಲ. ಇಟ್ಟಲ್ಲೇ ಗಟ್ಟಿಯಾಗುತ್ತೆ, ಅದಕ್ಕೇ ಮೇಲೊಂದು ಒದ್ದೆ ಬಟ್ಟೆ ಹಾಸಿರಿ. ಕಟ್ಟುವಾಗ ಮೊದಲು ನಾಲ್ಕು ಗೋಡೆ ಮಾತ್ರ. ಒಳಗೂ ಹೊರಗೂ ಡಬ್ಬಿಗಳನ್ನು ಆನಿಸಿಟ್ಟು ಕನಿಷ್ಠ ನಾಲ್ಕು ಗಂಟೆ ಬಿಡಿ. ಆಮೇಲೆ ಸೂರು, ಅದರ ಕೆಳಗಿನ ಅಂಚಿಗೆ ಎರಡೂ ಕಡೆ ಸರಿಯಾದ ಎತ್ತರದ ಲೋಟವೋ ಡಬ್ಬಿಯೋ ಆಸರೆ. ರಾತ್ರಿ ಹಾಗೇ ಇರಲಿ. ಕೆಳಗೆ ಬಾಗದ ಮರದ ಹಲಗೆ ಇಡಿ. ರಟ್ಟಾದರೆ ಎತ್ತಿದ ಕೂಡಲೇ ಬಾಗಿ ಸೂರಿನ ಸಂದು ಬಿರಿಯುತ್ತೆ.

ಇನ್ನೊಬ್ಬರು: ಮೊಟ್ಟೆ ತಿನ್ನದವರಿಗೆ ಒಂದು ಎಚ್ಚರಿಕೆ. ಮೆರಾಂಗ್ ಪೌಡರ್ ಕೂಡ ಒಣಗಿಸಿದ ಮೊಟ್ಟೆಯ ಬಿಳಿಯೇ. ಬದಲಿಗೆ ಉಪ್ಪಿಲ್ಲದ ಕಾಬೂಲಿಕಡಲೆ ಡಬ್ಬಿಯ ನೀರು ಹಿಡಿಯಿರಿ. ಅಷ್ಟೇ ಸಕ್ಕರೆಗೆ 80 ಮಿ.ಲೀ.ಯಷ್ಟು, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೊಡೆಯಿರಿ. ಗಟ್ಟಿಯಾಗುತ್ತೆ, ಆದರೆ ಒಣಗೋಕೆ ಹೆಚ್ಚು ಹೊತ್ತು ಬೇಕು. ಮಾರ್ಷ್‌ಮೆಲೋ, ಗಮ್ಮಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತೆ, ಅದು ಪ್ರಾಣಿಜನ್ಯ. ಕೆಂಪು ಮಿಠಾಯಿಯ ಪೊಟ್ಟಣದಲ್ಲಿ ಇ120 ಅಂತಿದ್ದರೆ ಅದು ಕೀಟದಿಂದ ತೆಗೆದ ಬಣ್ಣ. ಬರೋ ಮಕ್ಕಳಲ್ಲಿ ಯಾರಿಗಾದರೂ ಕಡಲೆಕಾಯಿ, ಬಾದಾಮಿ ಆಗಲ್ವಾ ಅಂತ ಮೊದಲೇ ಕೇಳಿಕೊಳ್ಳಿ, ಮಿಠಾಯಿ ಕೊಂಡಮೇಲೆ ಅಲ್ಲ.

ಸಕ್ಕರೆ ಪಾಕದಿಂದ ಅಂಟಿಸಿದರೆ ಬೇಗ ಆಗುತ್ತೆ ಅಂತ ಕೆಲವರು ಹೇಳ್ತಾರೆ. ನಿಜವೇ, ಆದರೆ ಆ ಪಾಕ ಕುದಿಯೋ ನೀರಿಗಿಂತ ಎಷ್ಟೋ ಬಿಸಿ, ಚರ್ಮಕ್ಕೆ ಅಂಟಿದರೆ ಬಿಡಲ್ಲ. ಮಕ್ಕಳಿರೋ ಕೋಣೆಯಲ್ಲಿ ಅದು ಬೇಡವೇ ಬೇಡ.

ಮತ್ತೊಬ್ಬರು: ಅಲಂಕಾರದ ದಿನದ್ದು ಹೇಳ್ತೀನಿ. ಐಸಿಂಗ್ ಹಿಂಡೋ ಪೈಪಿಂಗ್ ಚೀಲವನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಹಿಂಬದಿಗೆ ರಬ್ಬರ್ ಬ್ಯಾಂಡ್ ಬಿಗಿಯಿರಿ. ಇಲ್ಲದಿದ್ದರೆ ಮಗು ಒತ್ತಿದ್ದೆಲ್ಲಾ ಹಿಂದಿನಿಂದ ಬಂದು ಅಂಗಿಗೆ ಮೆತ್ತುತ್ತೆ. ತುದಿಯನ್ನು 4 ಮಿ.ಮೀ.ಯಷ್ಟೇ ಕತ್ತರಿಸಿ. ಸೂರಿನ ಮೇಲೆ ಹೆಂಚಿನ ಥರ ಅಂಟಿಸೋದಾದರೆ ಕೆಳಗಿನ ಸಾಲಿನಿಂದ ಶುರು ಮಾಡಿ, ಮೇಲಿನ ಸಾಲು ಅದರ ಮೇಲೆ ಹೊದ್ದುಕೊಳ್ಳಲಿ. ಭಾರದ ಮಿಠಾಯಿ ಸೂರಿಗಲ್ಲ, ಅಂಗಳಕ್ಕೆ. ಒದ್ದೆ ಐಸಿಂಗಿನಲ್ಲಿ ಕೆಂಪು ಪಟ್ಟೆಯ ಪೆಪ್ಪರ್‌ಮಿಂಟ್ ಬಣ್ಣ ಬಿಡುತ್ತೆ, ಅದನ್ನು ಕೊನೆಗಿಡಿ, ಕೆಳಗೆ ಸಣ್ಣ ಚುಕ್ಕೆಯಷ್ಟೇ ಐಸಿಂಗ್ ಸಾಕು. ಬಾಗಿಲು ಕಿಟಕಿಯ ಗೆರೆಗಳನ್ನು ದೊಡ್ಡ ಮಕ್ಕಳು ಮಾಡಬೇಕು ಅಂತಿದ್ದರೆ, ಕಟ್ಟುವ ಮೊದಲೇ ಗೋಡೆ ಮಲಗಿಸಿ ಬರೆಸೋದು ಸುಲಭ.

3 ವರ್ಷದವರ ಕೈಗೆ ದುಂಡನೆ ಗಟ್ಟಿ ಮಿಠಾಯಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರಿಗೆ ತೊಳೆದು ಒಣಗಿಸಿದ ಸಣ್ಣ ಹಾಲಿನ ಡಬ್ಬದ ಸುತ್ತ ಚೌಕ ಬಿಸ್ಕತ್ತು ಅಂಟಿಸಿದ ಗುಡಿಸಲು ಸಾಕು. ಬೀಳಲ್ಲ. ಉಳಿದವರಲ್ಲಿ ಇಬ್ಬಿಬ್ಬರಿಗೆ ಒಂದೊಂದು ಮನೆ. ಮನೆಗೊಂದು ಬಾರಿಯಂತೆ ಐಸಿಂಗ್ ಮೇಲಿನ ಅಳತೆಯಲ್ಲಿ ಕಲಸಿಟ್ಟಿರಿ, ಮಕ್ಕಳು ಧಾರಾಳಿಗಳು.

ನಾರ್ವೆಯ ಬರ್ಗೆನ್‌ನಲ್ಲಿ 1991ರಿಂದ ಮಕ್ಕಳು, ಶಾಲೆಗಳು, ಮನೆಯವರು ಮಾಡಿಕೊಟ್ಟ ಮನೆಗಳನ್ನು ಸೇರಿಸಿ ಒಂದು ಊರನ್ನೇ ನಿಲ್ಲಿಸ್ತಾರೆ. ನಿಮ್ಮ ಮನೆಗಳನ್ನೂ ಒಂದು ದೊಡ್ಡ ಹಲಗೆಯ ಮೇಲೆ ಜೋಡಿಸಿ, ಸಂದುಗಳಿಗೆ ಐಸಿಂಗ್ ಶುಗರ್ ಜರಡಿ ಹಿಡಿದರೆ ಬೀದಿಯಾಗುತ್ತೆ. ಯಾರ ಮನೆ ಚೆಂದ ಅನ್ನೋ ಜಗಳವೂ ಕಡಿಮೆ.

ಮೊದಲು ಕೇಳಿದವರು: ಎಷ್ಟು ದಿನ ಇರುತ್ತೆ?

ಉತ್ತರ: ತಿನ್ನೋದಾದರೆ ಒಂದು ವಾರದೊಳಗೆ. ನೋಡೋಕಾದರೆ ಒಣ ಜಾಗದಲ್ಲಿ ವಾರಗಟ್ಟಲೆ. ಫ್ರಿಜ್ಜಿನಲ್ಲಿಟ್ಟರೆ ತೇವಕ್ಕೆ ಗೋಡೆ ಮೆತ್ತಗಾಗಿ ಕುಸಿಯುತ್ತೆ, ಕುದಿಯೋ ಕೆಟಲ್ ಪಕ್ಕದಲ್ಲೂ ಅದೇ ಕಥೆ. ಇರುವೆ ಬರುವ ಕಡೆಯಾದರೆ ಮೇಲೊಂದು ಪಾರದರ್ಶಕ ಡಬ್ಬ ಬೋರಲು ಹಾಕಿ, ಆದರೆ ಐಸಿಂಗ್ ಪೂರ್ತಿ ಒಣಗಿದ ಮೇಲೆ.