ಸಹಾಯ ಬೇಕು: ಹಳೇ ಪ್ರಸಂಗ ಪುಸ್ತಕ ಸ್ಕ್ಯಾನ್ ಮಾಡಿ ಅಕ್ಷರಕ್ಕೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು. ಅಜ್ಜ ತಾಳಮದ್ದಳೆಗೆ ಒಯ್ಯುತ್ತಿದ್ದ ಯಕ್ಷಗಾನ ಪ್ರಸಂಗದ ಪುಸ್ತಕವೊಂದು ಮನೆಯಲ್ಲಿದೆ. ಅಚ್ಚುಮೊಳೆಯ ಮುದ್ರಣ, 64 ಪುಟ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಈ ಮಳೆಗಾಲ ಮುಗಿಯುವುದರೊಳಗೆ ಟೈಪ್ ರೂಪಕ್ಕೆ ತರಲೇಬೇಕು.

300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಟೆಸರಾಕ್ಟ್‌ಗೆ (ಚಿತ್ರದಲ್ಲಿರುವ ಅಕ್ಷರ ಓದಿ ಟೈಪ್ ರೂಪಕ್ಕೆ ತರುವ ತಂತ್ರಾಂಶ) ಕನ್ನಡ ಡೇಟಾ ಹಾಕಿ ಓದಿಸಿದೆ. ಬಿಡಿ ಅಕ್ಷರ ಪರವಾಗಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ತಪ್ಪು. ಅರ್ಕಾವತ್ತನ್ನಂತೂ ಒಂಬತ್ತು ಅಂತ ಓದುತ್ತದೆ: ‘ಪಾರ್ಥ’ ಹೋಗಿ ‘ಪಾಥ೯’! ಹಾಳೆಯ ಹಿಂಬದಿಯ ಶಾಯಿಯೂ ಈಚೆ ಬದಿಗೆ ಮೂಡಿದೆ, ಅದರಿಂದಲೂ ಗಲಿಬಿಲಿ ಆಗುತ್ತಿರಬೇಕು.

ಪುಟದ ಹಿಂದೆ ಕಪ್ಪು ಕಾಗದ ಇಟ್ಟರೆ ಸರಿಹೋದೀತೇ? ಅರ್ಕಾವತ್ತನ್ನು ಒಟ್ಟಿಗೇ ತಿದ್ದುವ ದಾರಿ ಇದೆಯಾ? ಪದ್ಯದ ಸಾಲುಗಳು ಒಡೆಯದ ಹಾಗೆ ಉಳಿಸಿಕೊಳ್ಳಬೇಕು, ಅದೇ ಮುಖ್ಯ. ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.