ನಾನ್‌ಸ್ಟಿಕ್ ಬಾಹ್ಯಾಕಾಶದಿಂದ ಬಂತು ಅನ್ನೋರೇ, ಒಂದ್ನಿಮಿಷ

ತಿರುಪುಮೊಳೆ: ನಾನ್‌ಸ್ಟಿಕ್ ಬಾಣಲೆ ಬಾಹ್ಯಾಕಾಶ ಸಂಶೋಧನೆಯ ಕೊಡುಗೆ ಅಂತ ಮೊನ್ನೆ ಮತ್ತೆ ಯಾರೋ ಬರೆದಿದ್ದರು. ಸುಳ್ಳು. ಆ ಬಾಣಲೆಯ ಮೇಲಿನ ಲೇಪ, ಅಂದರೆ ಟೆಫ್ಲಾನ್, ಸಿಕ್ಕಿದ್ದು 1938ರ ಏಪ್ರಿಲ್ 6ರಂದು, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಡುಪಾಂಟ್ ಅನ್ನೋ ರಾಸಾಯನಿಕ ಕಂಪನಿಯ ಲ್ಯಾಬಿನಲ್ಲಿ. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಮೇಲೆ ಹೋಗಿದ್ದು 1957ರಲ್ಲಿ. ಫ್ರಾನ್ಸ್‌ನಲ್ಲಿ ನಾನ್‌ಸ್ಟಿಕ್ ಬಾಣಲೆ ಮಾಡೋ ಟೆಫಾಲ್ ಕಂಪನಿ 1956ರಲ್ಲೇ ಶುರುವಾಗಿತ್ತು. ಟೆಫ್ಲಾನ್ ಸಿಕ್ಕಿದ್ದೇ ಆಕಸ್ಮಿಕ, ರಾಕೆಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಲ್ಯಾಬ್ ಕೋಟು: "ಆಕಸ್ಮಿಕ" ಅನ್ನೋದನ್ನ ಓದಿದರೆ ಮೈ ಉರಿಯುತ್ತೆ. ಡುಪಾಂಟ್‌ನ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಹೊಸ ಅನಿಲದ ಮೇಲೆ ಕೆಲಸ ಮಾಡುತ್ತಿದ್ದರು. ಟೆಟ್ರಾಫ್ಲೋರೋಎಥಿಲೀನ್ ಅನ್ನೋ ಅನಿಲ ತುಂಬಿಟ್ಟಿದ್ದ ಸಿಲಿಂಡರಿನ ವಾಲ್ವ್ ತಿರುಗಿಸಿದರೆ ಏನೂ ಬರಲಿಲ್ಲ. ಖಾಲಿ ಅಂತ ಮೂಲೆಗೆ ಹಾಕಬಹುದಿತ್ತು. ತೂಗಿದರು, ಭಾರ ಕಮ್ಮಿಯಾಗಿರಲಿಲ್ಲ. ಗರಗಸ ತಂದು ಕೊಯ್ದರು. ಒಳಗೆ ಬಿಳಿ ಪುಡಿ, ಮುಟ್ಟಿದರೆ ಮೇಣದ ಹಾಗೆ. ಅದೇ ಟೆಫ್ಲಾನ್. ಇದರಲ್ಲಿ ಆಕಸ್ಮಿಕ ಎಲ್ಲಿದೆ ತೋರಿಸಿ.

ತಿರುಪುಮೊಳೆ: "ಹೊಸ ಅನಿಲದ ಮೇಲೆ" ಅಂತ ನೀವೇ ಬರೆದಿದ್ದೀರಿ. ಹೊರಟಿದ್ದು ಅನಿಲಕ್ಕೆ, ಸಿಕ್ಕಿದ್ದು ಪುಡಿ. ಇದನ್ನ ಆಕಸ್ಮಿಕ ಅನ್ನದೆ ಏನಂತಾರೆ? ಬೇರೆ ಪದ ಇದ್ದರೆ ಕೊಡಿ, ಅದನ್ನೇ ಬಳಸ್ತೀನಿ.

ಕಕ್ಷೆ: "ಸಂಬಂಧವೇ ಇಲ್ಲ" ಅಂದುಬಿಟ್ಟರೆ ಆಯ್ತಾ? ಅಪೊಲೊ ಯಾತ್ರಿಗಳ ಉಡುಪಿನ ಹೊರಪದರ ಗಾಜಿನ ಎಳೆಯ ಬಟ್ಟೆ, ಅದಕ್ಕೆ ಟೆಫ್ಲಾನ್ ಲೇಪ. ಅದಕ್ಕೂ ಮೊದಲು ಅಣುಬಾಂಬ್ ಯೋಜನೆ. ಯುರೇನಿಯಂ ಹೆಕ್ಸಾಫ್ಲೋರೈಡ್ ಅನ್ನೋ ಅನಿಲ ಸಿಕ್ಕ ಗ್ಯಾಸ್ಕೆಟ್‌ಗಳನ್ನೆಲ್ಲ (ಜೋಡಣೆ ಸೋರದಂತೆ ಇಡೋ ಬಿಲ್ಲೆ) ತಿಂದು ಹಾಕುತ್ತಿದ್ದಾಗ ತಡೆದುಕೊಂಡಿದ್ದು ಇದೇ ಪುಡಿ. ಅಡುಗೆಮನೆಗೆ ಬಂದಿದ್ದು ಆಮೇಲೆ.

ತಿರುಪುಮೊಳೆ: ಬಾಂಬ್ ಯಾವಾಗ ಬಾಹ್ಯಾಕಾಶ ಆಯ್ತು? ಮತ್ತೆ, ಉಡುಪಿಗೆ ಟೆಫ್ಲಾನ್ ಹಚ್ಚಿದರು ಅಂದರೆ ಟೆಫ್ಲಾನ್ ಮೊದಲೇ ಇತ್ತು ಅಂತ. ನನ್ನ ಮಾತನ್ನೇ ಹೇಳ್ತಿದ್ದೀರಿ, ಥ್ಯಾಂಕ್ಸ್.

ಸೌಟು: ಸಿಲಿಂಡರ್, ಬಾಂಬ್, ರಾಕೆಟ್. ಬಾಣಲೆ ಎಲ್ರೀ? ಮಾರ್ಕ್ ಗ್ರೆಗೊಯರ್ ಅನ್ನೋ ಫ್ರೆಂಚ್ ಎಂಜಿನಿಯರ್ ಟೆಫ್ಲಾನನ್ನ ಮೀನು ಹಿಡಿಯೋ ಸಾಮಾನಿಗೆ ಹಚ್ಚಿಕೊಂಡು ಕೂತಿದ್ದ. ಬಾಣಲೆಗೆ ಹಚ್ಚು ಅಂತ 1954ರಲ್ಲಿ ಐಡಿಯಾ ಕೊಟ್ಟಿದ್ದು ಹೆಂಡತಿ ಕೊಲೆಟ್. ಇಷ್ಟು ಹೊತ್ತಾದರೂ ಆಕೆಯ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ.

ಲ್ಯಾಬ್ ಕೋಟು: ಐಡಿಯಾ ಕೊಡೋದು ಸುಲಭ. ಯಾವುದಕ್ಕೂ ಅಂಟದ ವಸ್ತುವನ್ನ ಅಲ್ಯೂಮಿನಿಯಂಗೆ ಅಂಟಿಸೋದು ಹೇಗೆ? ಆಮ್ಲ ಹಾಕಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಬೀಳಿಸಬೇಕು. ಲೇಪ ಹಾಕಿ 327 ಡಿಗ್ರಿ ದಾಟಿಸಿ ಕಾಯಿಸಿದರೆ ಅದು ಕರಗಿ ಗುಳಿಗಳ ಒಳಗೆ ಕಚ್ಚಿಕೊಳ್ಳುತ್ತೆ. ಅಂಟಲ್ಲ, ಬೇರು. ಇದೂ ಆಕಸ್ಮಿಕವಾಗಿ ಆಯ್ತಾ ತಿರುಪುಮೊಳೆಯವರೇ?

ಸೌಟು: "ಸುಲಭ" ಅಂತೆ! ಹದಿನಾರು ವರ್ಷ ನಿಮ್ಮ ಲ್ಯಾಬಿನವರ ಕೈಯಲ್ಲೇ ಇತ್ತಲ್ಲ, ಅಷ್ಟು ಸುಲಭ ಆಗಿದ್ದರೆ ಯಾಕೆ ಹೊಳೀಲಿಲ್ಲ?

ರೋಲರ್ ರಿಪೇರಿ: ನಾನು ಲೇಸರ್ ಪ್ರಿಂಟರ್ ರಿಪೇರಿ ಮಾಡೋನು. ಇದೇ ಲೇಪ ಒಳಗಿನ ಬಿಸಿ ರೋಲರ್ ಮೇಲೂ ಇರುತ್ತೆ, ಕರಗಿದ ಟೋನರ್ (ಶಾಯಿ ಪುಡಿ) ರೋಲರ್‌ಗೆ ಹತ್ತದೆ ಹಾಳೆಗೇ ಹತ್ತಲಿ ಅಂತ. ಯಾರೋ ಸ್ಕ್ರೂಡ್ರೈವರ್ ಹಾಕಿ ಸಿಕ್ಕಿದ ಹಾಳೆ ಕೀಳ್ತಾರೆ, ಗೀರು ಬೀಳುತ್ತೆ. ಆಮೇಲೆ ಪ್ರತಿ ಹಾಳೆಯಲ್ಲೂ ಒಂದೇ ಅಳತೆಗೆ ಮತ್ತೆ ಮತ್ತೆ ಅದೇ ಕಲೆ. ಅಳೆದರೆ ರೋಲರಿನ ಸುತ್ತಳತೆ ಸರಿಯಾಗಿ ಸಿಗುತ್ತೆ. ಬಾಣಲೆ ಬಿಟ್ಟು ಇಂಥದ್ದನ್ನೂ ಸ್ವಲ್ಪ ಮಾತಾಡಿ.

ನಲ್ಲಿ ನಾಗ: ನಲ್ಲಿಯ ತಿರುಪಿಗೆ ಸುತ್ತೋ ಬಿಳಿ ಟೇಪೂ ಅದೇ. ಸೇತುವೆ ಅಡಿಯಲ್ಲಿ ಜಾರೋ ಬೇರಿಂಗ್‌ಗೂ ಹಾಕ್ತಾರೆ, ಬಿಸಿಲಿಗೆ ಸೇತುವೆ ಹಿಗ್ಗಿದಾಗ ಸರಿದಾಡಲಿ ಅಂತ.

ಹೊಗೆ: ಎಲ್ಲರೂ ಹೊಗಳಿದ್ದಾಯ್ತಾ? ಪಿಎಫ್‌ಒಎ ಅನ್ನೋ ರಾಸಾಯನಿಕ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2023ರಲ್ಲಿ ಮೊದಲ ಗುಂಪಿಗೆ, ಅಂದರೆ ಖಾತ್ರಿಯಾದವುಗಳ ಸಾಲಿಗೆ, ಸೇರಿಸಿದೆ. ನಿಮ್ಮ ಬಾಣಲೆ ಅದೇ ತಾನೆ?

ಲ್ಯಾಬ್ ಕೋಟು: "ಅದೇ ತಾನೆ" ಅಲ್ಲ. ಪಿಎಫ್‌ಒಎ ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ಸಹಾಯಕ ರಾಸಾಯನಿಕ. ಬಾಣಲೆ ಮೇಲಿರೋ ಟೆಫ್ಲಾನ್ ಬೇರೆ. ಎರಡನ್ನ ಒಂದೇ ಮಾಡಬೇಡಿ.

ಹೊಗೆ: ಬೇರೆ ಅಂದಮಾತ್ರಕ್ಕೆ ಕಾರ್ಖಾನೆ ಪಕ್ಕದ ನೀರಿಗೆ ಸೇರಿದ ಪಿಎಫ್‌ಒಎ ವಾಪಸ್ ಬರುತ್ತಾ? ಮತ್ತೆ ಖಾಲಿ ಬಾಣಲೆ ಉರಿ ಮೇಲೆ ಮರೆತರೆ ಬರೋ ಹೊಗೆಗೆ ಮನೆಯಲ್ಲಿ ಸಾಕಿದ ಪಕ್ಷಿ ಸಾಯುತ್ತೆ. ಅದೂ ಬೇರೆನಾ?

ಲ್ಯಾಬ್ ಕೋಟು: 350 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ಟೆಫ್ಲಾನ್ ಒಡೆದು ವಿಷದ ಹೊಗೆ ಬಿಡುತ್ತೆ, ಒಪ್ಪಿದೆ. 260ರ ಒಳಗೆ ಇಡಿ ಅನ್ನೋದು ಅದಕ್ಕೇ. ಬಾಣಲೆ ಮರೆತು ಹೋಗೋದು ಟೆಫ್ಲಾನ್ ತಪ್ಪಾ?

ಸೌಟು: ಅಡುಗೆ ಮಾಡೋರದ್ದೇ ತಪ್ಪು ಅಂತಾಯ್ತು. ಇದು ಬಾಕಿ ಇತ್ತು.

ರೋಲರ್ ರಿಪೇರಿ: ನನ್ನ ರೋಲರ್ ಬಗ್ಗೆ ಯಾರೂ ಏನೂ ಹೇಳಲೇ ಇಲ್ಲ.

ಲ್ಯಾಬ್ ಕೋಟು: ಕೊನೇ ಮಾತು. ಅನಿಲ ಗಟ್ಟಿಯಾಗಿದ್ದು ಅದರ ಪಾಡಿಗೆ ಆಗಿರಬಹುದು. ಗರಗಸ ಎತ್ತಿಕೊಂಡಿದ್ದು ಮನುಷ್ಯ. ನಾನು ಹೊರಟೆ.

ತಿರುಪುಮೊಳೆ: "ಅದರ ಪಾಡಿಗೆ" ಅಂದರೆ ಏನರ್ಥ ಸಾರ್? ಹೋಗೋ ಮುಂಚೆ ಆ ಬೇರೆ ಪದ ಕೊಟ್ಟು ಹೋಗಿ. ಆಗಲೇ ಕೇಳಿದ್ದೆ.