ಜಲಮಂಡಳಿ ಹುಟ್ಟಿದ್ದು ಯಾಕೆ? ಕಾವೇರಿಗೆ ಹೋಗಿದ್ದು ಯಾಕೆ?

ಕೆರೆಏರಿ:
ಬೆಂಗಳೂರು ಜಲಮಂಡಳಿಯ ಇತಿಹಾಸ ಅಂತ ಹುಡುಕಿದರೆ ಕಾವೇರಿ ಒಂದನೇ ಹಂತ, ಎರಡನೇ ಹಂತ ಅನ್ನೋ ಪಟ್ಟಿಯಷ್ಟೇ ಸಿಗುತ್ತೆ. ನನಗೆ ಬೇಕಿರೋದು ಕಾರಣಗಳು. ಹೆಸರಘಟ್ಟ ಕೆರೆ, ತಿಪ್ಪಗೊಂಡನಹಳ್ಳಿ ಜಲಾಶಯ ಇದ್ದರೂ ಅಷ್ಟು ದೂರದ ಕಾವೇರಿಗೆ ಯಾಕೆ ಕೈಹಾಕಿದರು? ನೀರು, ಒಳಚರಂಡಿ ಎರಡೂ ಒಂದೇ ಮಂಡಳಿಯ ಕೈಲಿರೋದು ಸರಿಯೇ? ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕೋದು ಯಾಕೆ?

ಅರ್ಕಾವತಿ ದಂಡೆ:
ಊರು ಇರೋದು ದಿಣ್ಣೆ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಹತ್ತಿರದಲ್ಲಿ ವರ್ಷವಿಡೀ ತುಂಬಿ ಹರಿಯೋ ನದಿ ಇಲ್ಲ. ಮೊದಲೆಲ್ಲ ಕೆರೆ, ಬಾವಿಗಳೇ ಗತಿ. 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಯೋಜನೆ ಬಂತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಪಂಪು ಹಾಕಿ ನೀರೆತ್ತುತ್ತಿದ್ದರು. 1925ರ ಹೊತ್ತಿಗೆ ಮಳೆ ಕೈಕೊಟ್ಟು ಆ ಕೆರೆ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು.

ಇಲ್ಲಿ ಗಮನಿಸಬೇಕಾದ್ದು: ತಿಪ್ಪಗೊಂಡನಹಳ್ಳಿಗೆ ಕುಮುದ್ವತಿ ಹೊಳೆ ಬಂದು ಸೇರಿದರೂ, ಹೆಸರಘಟ್ಟಕ್ಕೂ ತಿಪ್ಪಗೊಂಡನಹಳ್ಳಿಗೂ ಮುಖ್ಯ ಆಸರೆ ಅರ್ಕಾವತಿ ನದಿಯೇ. ಒಂದು ಕಡೆ ಮಳೆ ಹೋದರೆ ಎರಡೂ ಕಡೆ ಹೋದ ಹಾಗೆ. ಜಲಾನಯನದಲ್ಲಿ ಅಂತರ್ಜಲ ಕುಸಿದ ಮೇಲಂತೂ ಒರತೆಯಿಂದ ಹೊಳೆಗೆ ಜಿನುಗುತ್ತಿದ್ದ ನೀರೂ ನಿಂತಿತು. ಹಾಗಾಗಿ ಕಾವೇರಿ ಅನಿವಾರ್ಯವಾಗಿತ್ತು ಅಂತಲೇ ನನ್ನ ಅಭಿಪ್ರಾಯ. ಅರ್ಕಾವತಿಯನ್ನು ಕೈಬಿಟ್ಟಿದ್ದು ಮಾತ್ರ ಅನಿವಾರ್ಯವಾಗಿರಲಿಲ್ಲ.

ಪಂಪ್‌ಹೌಸ್:
ಮಂಡಳಿ ಬಂದಿದ್ದು 1964ರ ಕಾಯ್ದೆಯಿಂದ. ಕಾವೇರಿ ನೀರು 1974ರಲ್ಲಿ ಬಂತು, ದಿನಕ್ಕೆ 13.5 ಕೋಟಿ ಲೀಟರ್. 1982ರಲ್ಲಿ ಮತ್ತೆ ಅಷ್ಟೇ. ನಡುವಿನ ಹಂತಗಳನ್ನು ಬಿಟ್ಟು ಹೇಳೋದಾದರೆ, 2012ರಲ್ಲಿ 50 ಕೋಟಿ, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ 77.5 ಕೋಟಿ.

ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಹಾರೋಹಳ್ಳಿ, ತಾತಗುಣಿ ಪಂಪುಗಳನ್ನು ದಾಟಿ ಸುಮಾರು 500 ಮೀಟರ್ ಮೇಲೆ ಬರಬೇಕು. ಒಂದು ಸಾವಿರ ಲೀಟರನ್ನು ಅಷ್ಟು ಎತ್ತಲು ಲೆಕ್ಕದ ಪ್ರಕಾರ 1.36 ಯೂನಿಟ್ ಕರೆಂಟು ಸಾಕು. ಪಂಪು, ಮೋಟಾರಿನ ಒಟ್ಟು ದಕ್ಷತೆ ಶೇ. 75 ಅಂತ ಹಿಡಿದರೆ 1.8 ಯೂನಿಟ್. ಕೊಳವೆಯ ಘರ್ಷಣೆ ಇದಕ್ಕೆ ಸೇರಿಲ್ಲ. ಐದನೇ ಹಂತ ಒಂದಕ್ಕೇ, ಪೂರ್ತಿ ಓಡಿದರೆ, ದಿನಕ್ಕೆ ಸುಮಾರು 14 ಲಕ್ಷ ಯೂನಿಟ್! ಪೈಪು ಸೋರಿದಾಗ ಹೋಗೋದು ಬರೀ ನೀರಲ್ಲ, ಈ ಕರೆಂಟೂ ಹೋಗುತ್ತೆ.

ಮೂರು ಕಣಿವೆ:
ಒಂದೇ ಮಂಡಳಿ ಇರೋದು ಸರಿ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80 ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತೆ. ಹೊಸ ಬಡಾವಣೆಗೆ ನಲ್ಲಿ ಕೊಟ್ಟು ಒಳಚರಂಡಿ ಆಮೇಲೆ ಅಂದರೆ ಆ ಕೊಳಚೆ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆಗೆ), ಅಲ್ಲಿಂದ ಕೆರೆಗೆ.

ದಿಣ್ಣೆ ಊರಾದ್ದರಿಂದ ಕೊಳಚೆ ಇಳಿಜಾರಿನಲ್ಲೇ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಇಳಿಯುತ್ತೆ. ವೃಷಭಾವತಿಯದ್ದು ಅರ್ಕಾವತಿ ಮೂಲಕ ಮತ್ತೆ ಕಾವೇರಿಗೇ. ಉಳಿದೆರಡು ದಕ್ಷಿಣ ಪಿನಾಕಿನಿ ಕಡೆಗೆ. ಅಂದರೆ ಕಾವೇರಿಯಿಂದ ಎತ್ತಿ ತಂದ ನೀರಿನ ಒಂದು ಪಾಲು ಬೇರೆ ನದಿಯ ಪಾಲಾಗುತ್ತೆ.

ಮ್ಯಾನ್‌ಹೋಲ್ ಉಕ್ಕೋದಕ್ಕೆ ದೊಡ್ಡ ಕಾರಣ ತಾರಸಿಯ ಮಳೆನೀರನ್ನು ಯುಜಿಡಿಗೆ (ಒಳಚರಂಡಿಗೆ) ಬಿಡೋದು. 30×40 ಸೈಟಿನ ತಾರಸಿ ಸುಮಾರು 110 ಚದರ ಮೀಟರ್. ಗಂಟೆಗೆ 20 ಮಿ.ಮೀ. ಮಳೆ ಬಂದರೆ 2,200 ಲೀಟರ್. ಐದು ಜನರ ಮನೆಯ ಕೊಳಚೆ, ತಲೆಗೆ 135 ಲೀಟರ್ ಬಳಕೆ, ಅದರಲ್ಲಿ ಶೇ. 80 ಕೊಳಚೆ ಅನ್ನೋ ಲೆಕ್ಕದಲ್ಲಿ, ಇಡೀ ದಿನಕ್ಕೆ 540 ಲೀಟರ್. ನಾಲ್ಕು ದಿನದ ಹರಿವು ಒಂದೇ ಗಂಟೆಗೆ! ಬೀದಿಯ ಕೊಳವೆಯನ್ನು ಇಷ್ಟಕ್ಕೆ ಲೆಕ್ಕ ಹಾಕಿರೋದಿಲ್ಲ.

ಕೆರೆಏರಿ:
ನಮ್ಮ ಮನೆಯ ತಾರಸಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕಂಡುಹಿಡಿಯೋದು ಹೇಗೆ?

ಮೂರು ಕಣಿವೆ:
ತಾರಸಿಯ ಪೈಪಿಗೆ ಎರಡು ಬಕೆಟ್ ಬಣ್ಣದ ನೀರು ಸುರಿಯಿರಿ. ನಿಮ್ಮ ಕಾಂಪೌಂಡಿನ ಛೇಂಬರಿನ ಮುಚ್ಚಳ ತೆಗೆದು ಮೇಲಿಂದಲೇ ನೋಡಿ. ಬಣ್ಣ ಅಲ್ಲಿ ಬಂದರೆ ಯುಜಿಡಿಗೆ ಹೋಗುತ್ತಿದೆ ಅಂತ ಅರ್ಥ. ಆ ಪೈಪನ್ನು ತಿರುಗಿಸಿ, ಫಿಲ್ಟರ್ ಹಾಕಿ ಸಂಪಿಗೋ ಇಂಗುಗುಂಡಿಗೋ ಬಿಡಿ. ಬೀದಿಯ ಮ್ಯಾನ್‌ಹೋಲಿಗೆ ಕೈಹಾಕಬೇಡಿ, ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸಿಗೆ ಜೀವ ಹೋಗುತ್ತೆ.